ಹೂಂ ಅನ್ನುವತನಕ

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಹಲವು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಾಗ, ಒಂದರ ಸಂಕೇತಕ್ಕಾಗಿ ಇನ್ನೊಂದು ಕಾಯುತ್ತದೆ. ಆ ಸಂಕೇತ ಬಾರದೇ ಹೋದರೆ ಏನು ಗತಿ ಎಂಬುದೇ ನನ್ನ ವಿಷಯ.

ನಮ್ಮೂರು ಬನಹಟ್ಟಿಗೆ ಬಂದಾಗ ಅವ್ವನಿಗೆ ಇದನ್ನು ಹೇಳಿದೆ. ನಕ್ಕಳು. "ನಿಮ್ಮಪ್ಪನೂ ಹಂಗ ಇದ್ದ ನೋಡು. ಮಗ್ಗದಾಗ ಎಳಿ ಹರೀತಂದ್ರ, ನಾ ಗಂಟು ಹಾಕಿ ಹೂಂ ಅನ್ನೂತನಕ ಲಾಳಿ ಒಗೀತಿರಲಿಲ್ಲ. ನನ್ನ ಬೆರಳಿಗೆ ಬಡದೀತಂತ ಅಂಜಿಕಿ."

ಅಪ್ಪ ತೀರಿಕೊಂಡಾಗಲೇ ಮನೆಯಲ್ಲಿದ್ದ ಆ ಕೈಮಗ್ಗ ಮಾರಿ, ನೇಯುವಾಗ ಅವನು ಕಾಲು ಇಳಿಬಿಡುತ್ತಿದ್ದ ಕುಣಿಗೆ ಮಣ್ಣು ತುಂಬಿಸಿ ಫರಸಿ ಕಲ್ಲು ಹಾಸಿದ್ದೆವು.

ನಾನು ಹಾಗೆ ಬಂದುಹೋದ ಮರುವರ್ಷ ಅವ್ವನೂ ಹೋದಳು. ಆ ಬೇಸಿಗೆಯ ಒಂದು ಮಧ್ಯಾಹ್ನ ನಾನು ಆ ಮನೆಯಲ್ಲಿದ್ದಾಗ ಕರೆಂಟು ಹೋಗಿ, ಓಣಿಯ ಪಾವರ್‌ಲೂಮುಗಳೆಲ್ಲ ಒಮ್ಮೆಲೇ ಸುಮ್ಮನಾದವು. ಆಗ ಫರಸಿಯ ಕೆಳಗಿನಿಂದ ಲಾಳಿಯ ಸಪ್ಪಳ ಕೇಳಿಸಿತು. ಕಾದ ನೆಲ ಅಲ್ಲಿ ಮಾತ್ರ ತಣ್ಣಗಿತ್ತು, ಅಂಗಾಲಿಗೆ ಅದುರುತ್ತಿತ್ತು. ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂತು. ಸಪ್ಪಳ ತಟ್ಟನೆ ನಿಂತಿತು.

ಎಳೆ ಹರಿದಿರಬೇಕು ಅನ್ನಿಸಿತು. "ಹೂಂ ಅಪ್ಪಾ, ಒಗಿ," ಅಂದೆ. ಲಾಳಿ ಕದಲಲಿಲ್ಲ. ಮತ್ತೊಮ್ಮೆ ಅಂದೆ. ಇಲ್ಲ.

ಆಮೇಲೆ ನನ್ನ ಮಗ್ಗುಲಲ್ಲೇ ಗಾಜಿನ ಬಳೆಗಳು ಸದ್ದು ಮಾಡಿದವು. ಮೆಲ್ಲಗೆ ಒಂದು "ಹೂಂ" ಕೇಳಿಸಿತು. ಲಾಳಿ ಓಡಿತು.

ಅಪ್ಪ ಹೋದ ದಿನದಿಂದ ಅವ್ವನ ಕೈಯಲ್ಲಿ ಬಳೆಗಳೇ ಇರಲಿಲ್ಲ.