ಗ್ಲೌಸ್ ಕಳಚದ ಹುಡುಗ

ಕೈಸಾ ಚಾಚಿದ ಕೈ ಗಾಳಿಯಲ್ಲೇ ನಿಂತಿತು.

ಎದುರಿನವನು ಗ್ಲೌಸ್ ಕಳಚಲೇ ಇಲ್ಲ! ಆ ದಪ್ಪ ಗ್ಲೌಸಿನ ತುದಿಯನ್ನು ಅವಳ ಬೆರಳಿಗೆ ಹಾಗೇ ಸೋಕಿಸಿ, ತಲೆ ತಗ್ಗಿಸಿ ಮುಂದಕ್ಕೆ ಜಾರಿಹೋದ.

ಐಸ್ ಹಾಕಿಯಲ್ಲಿ ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಬರಿಗೈ ಕುಲುಕಬೇಕು. ಹಲ್ಲು ಉದುರಿಸಿದವನ ಕೈಯನ್ನೂ ಕುಲುಕಲೇಬೇಕು, ಅದರಲ್ಲಿ ಮಾತೇ ಇಲ್ಲ. ಅದೂ ಇವತ್ತು ಕಾಪರ್ ಬೇ ಕಾಲೇಜು ಆಡಿದ್ದು ನೀಲೋನ ನೆನಪಿಗೆ. ಹೋದ ಫೆಬ್ರುವರಿಯ ಹಿಮಗಾಳಿಯಲ್ಲಿ, ಆಟ ಮುಗಿಸಿ ಮನೆಗೆ ಬರುವಾಗ ಕಾರು ಹಳ್ಳಕ್ಕೆ ಉರುಳಿ ಸತ್ತ ನೀಲೋ! ಅವನ ಜೆರ್ಸಿ ತೊಟ್ಟು ಸಾಲಿನಲ್ಲಿ ಅವನ ಜಾಗದಲ್ಲಿ ನಿಂತಿದ್ದವಳು ತಂಗಿ ಕೈಸಾ.

"ಯಾರೋ ಅವನು?" ಪಕ್ಕದಲ್ಲಿದ್ದ ನಾಯಕ ಓವನ್‌ನನ್ನು ಕೇಳಿದಳು.

"ರೆಮಿ ಬೋಶೆ. ರೆಡ್‌ಸ್ಟೋನ್ ಕಾಲೇಜಿನ ಡಿಫೆನ್ಸ್ ಆಟಗಾರ. ಸೊಕ್ಕು ಕಣೇ, ಇನ್ನೇನು? ನಾಳೆ ಎರಡನೇ ಆಟ ಇದೆಯಲ್ಲ, ನೋಡ್ಕೋತೀನಿ ಬಿಡು."

ಸತ್ತವನ ಜೆರ್ಸಿಗೂ ಮರ್ಯಾದೆ ಇಲ್ವಾ? ಕೈಸಾಳ ಕಣ್ಣಲ್ಲಿ ನೀರು ಬಂತು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಸಂಜೆ ಮನೆಯಲ್ಲಿ ಅಮ್ಮ ಪಿರ್ಕ್ಕೊ ಏಲಕ್ಕಿ ಬ್ರೆಡ್ಡು ಕೊಯ್ಯುತ್ತಿದ್ದಳು. ಆಗ ಶುರುವಾಯಿತು.

ಟಕ್... ಟಕ್...

ಗ್ಯಾರೇಜಿನ ಬಾಗಿಲಿಗೆ ಪಕ್, ಆ ರಬ್ಬರ್ ಬಿಲ್ಲೆ, ಬಡಿಯುವ ಸದ್ದು. ನೀಲೋ ಚಿಕ್ಕಂದಿನಿಂದ ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದ ಸದ್ದು! ಅಮ್ಮನ ಚಾಕು ನಿಂತಿತು.

"ಗಾಳಿ ಇರ್ಬೇಕು" ಎಂದಳು ಅಮ್ಮ.

"ಹೂಂ, ಗಾಳಿನೇ" ಎಂದಳು ಮಗಳು. ಹೊರಗೆ ಒಂದು ಕೊಂಬೆಯೂ ಅಲುಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಅಮ್ಮ ಯಾವತ್ತಿನ ಹಾಗೆ ಅದನ್ನೇ ಕೇಳಿದಳು. "ಕೊನೇಲಿ ಅವನು ಒಬ್ಬನೇ ಇದ್ನಾ, ಕೈಸಾ?"

ಉತ್ತರ ಯಾರ ಹತ್ತಿರವೂ ಇರಲಿಲ್ಲ. ಯಾರೋ ಪೆಟ್ರೋಲ್ ಬಂಕಿನಿಂದ ಪೊಲೀಸರಿಗೆ ಫೋನ್ ಮಾಡಿದ್ದರಂತೆ, ಹೆಸರು ಹೇಳಿರಲಿಲ್ಲ. ನೀಲೋನ ಕೈಯಲ್ಲಿ ಅವನದ್ದಲ್ಲದ ಜಿಂಕೆ ಚರ್ಮದ, ಒಳಗೆ ಕೆಂಪು ಉಲ್ಲನ್ನಿನ ಕೈಗವಸುಗಳಿದ್ದವು. ಅಮ್ಮ ಅವನ್ನು ತನ್ನ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಮರುದಿನ ಮಧ್ಯಾಹ್ನ ಮಂಜುಗಡ್ಡೆಯ ಅಂಕಣ ರಿಂಕಿನ ಪಕ್ಕದ ಕೋಣೆಯಲ್ಲಿ ಕೈಸಾ ಸ್ಕೇಟುಗಳಿಗೆ ಸಾಣೆ ಹಿಡಿಯುತ್ತಿದ್ದಳು. ತಂಡಕ್ಕೆ ಆ ಕೆಲಸ ಮಾಡುತ್ತಿದ್ದವಳು ಅವಳೇ. ಕಿಟಕಿಯ ಬಳಿ ನೆರಳು ಬಿತ್ತು. ರೆಮಿ! ಕೈಯಲ್ಲಿ ಸ್ಕೇಟು, ಅದೇ ಗ್ಲೌಸ್!

"ಬ್ಲೇಡ್ ಮೊಂಡಾಗಿದೆ. ನಮ್ಮವರ ಹತ್ರ ಮಷೀನ್ ಇಲ್ಲ..."

"ಏನ್ ಸ್ವಾಮಿ, ಗ್ಲೌಸ್ ಹಾಕ್ಕೊಂಡೇ ಹುಟ್ಟಿದ್ರಾ?"

ಅವನ ಮುಖ ಬಿಳಿಚಿತು. "ನಿನ್ನೆ ತಪ್ಪಾಯ್ತು."

"ತಪ್ಪಾ! ಮೊದ್ಲು ಗ್ಲೌಸ್ ತೆಗೀರಿ. ಆಮೇಲೆ ಸ್ಕೇಟ್ ಮುಟ್ತೀನಿ."

ಅವನು ನಿಧಾನವಾಗಿ ಕಳಚಿದ. ಬಲಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು.

"ಚಳಿಗೆ ಹೋಯ್ತು. ಹೋದ ಫೆಬ್ರುವರಿ..."

ಕೈಸಾ ಆ ಬೆರಳುಗಳನ್ನೇ ನೋಡಿದಳು. ದೇವರೇ... ಅದೇ ತಿಂಗಳು!

"ನಿಮ್ಮ ಕೈಗವಸಿನ ಒಳಗೆ... ಯಾವ ಬಣ್ಣ ಇತ್ತು?"

"ಕೆಂಪು ಉಲ್ಲನ್. ಅಜ್ಜಿ ಹೆಣೆದಿದ್ದು." ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ. "ಈ ಕೈ ಹಿಡಿದ್ರೆ ನಿಮಗೆ ಗೊತ್ತಾಗ್ಬಿಡುತ್ತೆ ಅಂತ ಹೆದರಿದೆ."

"ನೀವಿದ್ರಾ ಅವನ ಜೊತೆ? ಒಂದು ವರ್ಷ! ನಮ್ಮಮ್ಮ ದಿನಾ ಸಾಯ್ತಿದ್ದಾಳೆ, ಒಂದು ಮಾತು ಹೇಳಕ್ಕಾಗ್ಲಿಲ್ವಾ?"

"ಪೂರ್ತಿ ಕೇಳಿ. ಆಮೇಲೆ ಬೈಯಿರಿ. ಆ ದಿನ ಅವನನ್ನ ಗೋಡೆಗೆ ಗುದ್ದಿದ್ದು ನಾನೇ. ಎದ್ದ, ನಕ್ಕ, 'ನಾನ್ ಸರಿ ಇದೀನಿ' ಅಂದ. ಆಮೇಲೆ ತನ್ನ ಬೆಂಚ್ ಬಿಟ್ಟು ನಮ್ಮ ಬೆಂಚಿಗೆ ಬಂದು ಕೂತ. ಎಲ್ರೂ ನಕ್ರು. ನಾನೂ ನಕ್ಕೆ. ಆದ್ರೆ ಅವನ ಕಣ್ಣು ನೋಡಿದ್ದೆ ಕೈಸಾ. ತಲೆಗೆ ಏಟಾಗಿದೆ ಅಂತ ಗೊತ್ತಾಗಿತ್ತು. ಬಾಯಿ ಬಿಡ್ಲಿಲ್ಲ."

"ಯಾಕೆ?"

"ಆಟಗಾರ ಸರಿ ಇದೀನಿ ಅಂದ್ಮೇಲೆ ಇನ್ನೊಬ್ಬ ಮಾತಾಡಲ್ಲ. ನಮ್ಮಲ್ಲಿ ಅದು ಚಾಡಿ ಹೇಳಿದಂಗೆ. ಅವನು ಕಾರು ಹತ್ತಿ ಹೊರಟಾಗ ತಡೀಲಿಲ್ಲ. ಮನಸ್ಸು ಕೇಳದೆ ಹಿಂದೆ ಹೋದೆ... ತಡವಾಗಿತ್ತು."

ಈ ಕ್ಲಬ್ ಲೀಗಿಗೆ ಬಸ್ಸೂ ಇಲ್ಲ, ಡಾಕ್ಟರೂ ಇಲ್ಲ. ಹುಡುಗರೇ ಕಾರು ಓಡಿಸಿಕೊಂಡು ಊರಿಂದೂರಿಗೆ ಹೋಗಿ ಆಡಬೇಕು. ಹೆಮ್ಮೆಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿಲ್ಲ!

"ಹೋಗು ಇಲ್ಲಿಂದ..." ಕೈಸಾ ಅವನ ಕೈಯಿಂದ ಸ್ಕೇಟು ಕಸಿದುಕೊಂಡಳು. "ನನ್ನ ಕಣ್ಣೆದುರಿಗೆ ಬರ್ಬೇಡ!"

ಸ್ಕೇಟಿಗೆ ಮಾತ್ರ ಸಾಣೆ ಹಿಡಿದಳು. ಕಣ್ಣೀರು ಸುರಿಯುತ್ತಿದ್ದರೂ ಕೈ ತನ್ನ ಕೆಲಸ ಮಾಡಿತು. ಕಿಟಕಿಯಿಂದ ಸ್ಕೇಟನ್ನು ಆಚೆ ತಳ್ಳಿ ಬಾಗಿಲು ಹಾಕಿಕೊಂಡಳು.

ಆಟ ಜೋರಾಗಿ ನಡೆಯಿತು. ಓವನ್ ಹೇಳಿದ್ದನ್ನು ಮಾಡಿಯೇಬಿಟ್ಟ. ಗಾಜಿನ ಗೋಡೆಗೆ ರೆಮಿ ಅಪ್ಪಳಿಸಿದ ಸದ್ದಿಗೆ ಇಡೀ ರಿಂಕು ಹೋ ಎಂದಿತು. ರೆಮಿ ಬಿದ್ದ. ಎದ್ದ. ಕೈಯೆತ್ತಿದ. "ಸರಿ ಇದೀನಿ!"

ಆಮೇಲೆ ನಿಧಾನವಾಗಿ ಜಾರುತ್ತಾ ಬಂದು ಕಾಪರ್ ಬೇ ಬೆಂಚಿನಲ್ಲಿ ಕೂತ. ಕೈಸಾಳ ಪಕ್ಕದಲ್ಲೇ!

"ಏನೋ, ನಮ್ಮ ಕಡೆ ಸೇರ್ಕೊಂಡ್ಯಾ?" ಹುಡುಗರು ನಗುತ್ತಾ ಕೋಲುಗಳಿಂದ ಗೋಡೆ ಬಡಿದರು. ಟಕ್... ಟಕ್... ಟಕ್...

ಕೈಸಾ ಅವನತ್ತ ತಿರುಗಿದಳು. ಅವನ ಕಣ್ಣು ಅವಳನ್ನು ನೋಡುತ್ತಿದ್ದರೂ ಅವಳಿರುವುದೇ ಗೊತ್ತಾಗದಂತಿತ್ತು. ನೀಲೋನೂ ಹೀಗೇ ಕೂತಿದ್ನಾ? ಹೀಗೇ ನಕ್ಕಿದ್ರಾ ಎಲ್ಲರೂ?

'ಸುಮ್ಮನಿರು' ಎಂದಿತು ಒಳಗಿನ ಒಂದು ಕಪ್ಪು ದನಿ. 'ಆಟ ಮುಗೀಲಿ. ಇವನೂ ಕಾರು ಹತ್ತಲಿ. ಹಿಮದಲ್ಲಿ ಇವನೂ ಹೋಗಲಿ...'

ಒಂದು ಗಳಿಗೆ ಅವಳು ಸುಮ್ಮನೇ ಇದ್ದಳು. ನಿಜ ಹೇಳಬೇಕಲ್ಲ, ಇದ್ದಳು!

ರೆಮಿ ಎದ್ದು ಮತ್ತೆ ಆಟಕ್ಕೆ ಹೊರಟ. ಕೈಸಾ ಅವನ ಜೆರ್ಸಿಯನ್ನು ಎರಡೂ ಕೈಯಿಂದ ಹಿಡಿದೆಳೆದಳು.

"ಆಟ ನಿಲ್ಸಿ! ಇವನಿಗೆ ತಲೆಗೆ ಏಟಾಗಿದೆ! ಇವನು ಆಡಲ್ಲ!"

"ಬಿಡೇ, ಮಾನ ತೆಗೀಬೇಡ" ಎಂದು ಓವನ್ ಗದರಿದ. ರೆಡ್‌ಸ್ಟೋನ್ ಕೋಚು ಆಚೆಯಿಂದ ಕೂಗಿದ. "ನಮ್ಮ ಹುಡುಗನ ಬಗ್ಗೆ ಹೇಳೋಕೆ ನೀನ್ಯಾರಮ್ಮ?"

"ನಾನು ನೀಲೋನ ತಂಗಿ!"

ನಗು ನಿಂತಿತು. ಕೋಲುಗಳೂ ನಿಂತವು. ರೆಫರಿ ಸೀಟಿ ಊದಿದ.

ಅವಳೇ ಕಾರು ಓಡಿಸಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಮೆದುಳು ಅಲುಗಿದೆ. ಅಪಾಯ ಇಲ್ಲ, ವಿಶ್ರಾಂತಿ ಬೇಕು. ಇವತ್ತು ಒಬ್ಬನೇ ಇರಬಾರದು" ಎಂದು ಹೋದರು. ಕಿಟಕಿಯಾಚೆ ಸರೋವರ ಬೆಳ್ಳಗೆ ಹೆಪ್ಪುಗಟ್ಟಿ ಮಲಗಿತ್ತು.

"ಯಾಕೆ ತಡೆದ್ರಿ?" ರೆಮಿ ಕೇಳಿದ. "ನಾನು ತಡೀಲಿಲ್ಲವಲ್ಲ..."

"ಅದಕ್ಕೇ." ಅವಳು ಹಾಸಿಗೆಯ ಪಕ್ಕದಲ್ಲಿ ಕೂತಳು. "ಈಗ ಹೇಳು. ಕೊನೇಲಿ ಏನಂದ ನನ್ನಣ್ಣ?"

"ಸಿಗ್ನಲ್ ಇರ್ಲಿಲ್ಲ. ಯಾರನ್ನಾದ್ರೂ ಕರ್ಕೊಂಡ್ ಬರ್ತೀನಿ ಅಂದೆ. 'ಹೋಗ್ಬೇಡ ಕಣೋ' ಅಂದ. 'ಹೋಗಲ್ಲ' ಅಂದೆ. ಆಮೇಲೆ ಬರೀ ನಿಮ್ಮ ಸುದ್ದಿ! ನೀವು ಸೌನಾ ಹಬೆಮನೆಯಿಂದ ಓಡಿಬಂದು ಪಾದ್ರಿ ಕಾಲಬುಡದಲ್ಲೇ ಹಿಮಕ್ಕೆ ಬಿದ್ರಂತೆ..."

"ಥೂ, ಅದನ್ನೂ ಹೇಳಿದ್ನಾ!" ಅಳುತ್ತಲೇ ನಕ್ಕಳು ಕೈಸಾ.

"ಅದನ್ನ ಹೇಳ್ತಾ ನಗ್ತಿದ್ದ. ನಗ್ತಾನೇ ಸುಮ್ಮನಾದ. ಆಮೇಲೇ ಬಂಕಿಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದ್ದು." ಅವನು ಗೋಡೆಯ ಕಡೆ ತಿರುಗಿದ. "ಒಂದು ವರ್ಷ ಆ ಮಾತುಗಳ ಜೊತೆನೇ ಬದುಕಿದೀನಿ. ನಿಮ್ಮನ್ನ ನೋಡೋಕೆ ಮುಂಚೆನೇ ಪ್ರೀತಿಸ್ಬಿಟ್ಟೆ, ಕೈಸಾ. ನನಗೆ ಆ ಹಕ್ಕಿಲ್ಲ. ಗೊತ್ತು."

ಕೈಸಾ ಫೋನ್ ತೆಗೆದು ಮನೆಗೆ ಮಾಡಿದಳು.

"ಅಮ್ಮಾ... ನೀಲೋ ಒಬ್ಬನೇ ಇರ್ಲಿಲ್ಲ. ನಗ್ತಾ ಇದ್ನಂತೆ. ಜೊತೇಲಿದ್ದ ಹುಡುಗ ಇಲ್ಲೇ ಇದ್ದಾನೆ. ಅವನದ್ದೂ ತಪ್ಪಿದೆ ಅಮ್ಮ, ಎಲ್ಲ ಹೇಳ್ತಾನೆ. ಆದ್ರೆ ಕೈ ಬಿಟ್ಟು ಹೋಗ್ಲಿಲ್ಲ."

ಆ ಕಡೆ ಬಹಳ ಹೊತ್ತು ಬರೀ ಅಳು. ಆಮೇಲೆ ಅಮ್ಮನ ದನಿ ಬಂತು. "ಊಟ ಮಾಡಿದ್ನಾ ಆ ಮಗು? ನಾಳೆ ಮನೆಗೆ ಕರ್ಕೊಂಡ್ ಬಾ."

ಕೈಸಾ ಫೋನಿಟ್ಟಳು. ರೆಮಿಯ ರೆಪ್ಪೆಗಳು ಎಳೆಯುತ್ತಿದ್ದವು. ಆದರೂ ಹೆದರಿದ ಮಗುವಿನ ಹಾಗೆ ಕಣ್ಣು ತೆರೆದು ತೆರೆದು ನೋಡುತ್ತಿದ್ದ.

"ನಿದ್ದೆ ಬರ್ತಿದೆ... ಎದ್ದಾಗ ನೀನು ಇರ್ತೀಯಾ?"

"ಇರ್ತೀನಿ."

"ಹೋಗ್ಬೇಡ, ಕೈಸಾ."

ಅವಳು ಬಾಗಿ ಅವನ ಹಣೆಗೆ ತುಟಿಯೊತ್ತಿದಳು.

"ಹೋಗಲ್ಲ ಕಣೋ... ಮಲಗು."