ರೊಟ್ಟಿ ಬಡಿತ ಕೇಳಿದ ತೊಲೆ

ತೊಲೆನಾಡಿ ಯಂತ್ರ ತನ್ನ ಪುಟ್ಟ ಸುತ್ತಿಗೆಯಿಂದ ಮಹಡಿಯನ್ನು ಹೊತ್ತ ಕಬ್ಬಿಣದ ತೊಲೆಯನ್ನು ಟಿಕ್ಕೆಂದು ತಟ್ಟಿತು, ಕ್ಷಣಕಾಲ ಕಿವಿಗೊಟ್ಟು ಕೇಳಿತು, ಆಮೇಲೆ ಮೆಟ್ಟಿಲ ಬುಡದಲ್ಲಿ ಕೆಂಪು ದೀಪ ಹೊತ್ತಿಸಿತು. ಮೇಲಿನ ಮಹಡಿಯಲ್ಲಿ ಖಾನಾವಳಿ ನಡೆಸುವ ನಿಂಬೆವ್ವ ಹಿಟ್ಟಿನ ಕೈಯಲ್ಲೇ ಕೆಳಗಿಳಿದು ಬಂದಳು. ಕೆಂಪು ದೀಪವೆಂದರೆ ತೊಲೆ ಬಿರುಕು ಬಿಟ್ಟಿದೆ ಎಂದರ್ಥ. ಅಂಥ ಕಟ್ಟಡವನ್ನು ವಾರದೊಳಗೆ ಖಾಲಿ ಮಾಡಿ ಕೆಡವಬೇಕೆಂಬುದು ಹೊಸ ಕಾನೂನು.

ವಿಜಯಪುರದ ಹಳೇ ಬಜಾರಿನಲ್ಲಿ ಆ ಹೊತ್ತಿಗೆ ಕೈಯಿಂದ ಜೋಳದ ರೊಟ್ಟಿ ಬಡಿಯುವ ಖಾನಾವಳಿ ಅದೊಂದೇ ಉಳಿದಿತ್ತು. ಮಿಕ್ಕವರೆಲ್ಲ ಯಂತ್ರ ತಂದಿದ್ದರು. ಹಿಟ್ಟು ಸುರಿದರೆ ಸಾಕು, ಒಂದೇ ಅಳತೆಯ ರೊಟ್ಟಿಗಳು ಹೊರಬೀಳುತ್ತಿದ್ದವು. ತಿನ್ನುವವರ ನಾಲಿಗೆಯೂ ಅದಕ್ಕೇ ಒಗ್ಗಿಹೋಗಿತ್ತು, ಪಾಪ. ನಿಂಬೆವ್ವ ಮಾತ್ರ ಆರು ಮಂದಿ ಹೆಂಗಸರನ್ನು ಸಾಲಾಗಿ ಕೂರಿಸಿಕೊಂಡು ಮಧ್ಯಾಹ್ನದವರೆಗೂ ಪಟಪಟನೆ ರೊಟ್ಟಿ ಬಡಿಯುತ್ತಿದ್ದಳು. ‘ಯಾವ ಕಾಲದಾಗ ಅದೀಯವ್ವಾ’ ಎಂದು ಎದುರಿನ ಖಾನಾವಳಿಯ ಮಾಲೀಕ ಕಿಚಾಯಿಸಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ರೊಟ್ಟಿಹಲಗೆಯ ಮುಂದೆ ಕೂತೇ ಬದುಕು ಕಟ್ಟಿಕೊಂಡವಳು ಅವಳು. ಈ ಜಾಗ ಹೋದರೆ ಆರು ಮನೆಗಳ ಒಲೆಯೂ ಆರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತೊಲೆನಾಡಿಯನ್ನು ರೂಪಿಸಿದ ವಿಜ್ಞಾನಿ ಡಾ. ಶಕೀಲಾ ನದಾಫ್ ಅಂದೇ ಬಂದರು. ಬಜಾರಿನಲ್ಲಿ ಮೊದಲ ಪ್ರಯೋಗಕ್ಕೆ ಈ ಕಟ್ಟಡವನ್ನು ಆರಿಸಿದ್ದವರೂ ಅವರೇ.

“ಬಾಯಾರ, ಬಿರುಕು ಎಲ್ಲೈತಿ? ನನಗ ತೋರಸ್ರಿ” ಎಂದಳು ನಿಂಬೆವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ.

“ಕಣ್ಣಿಗೆ ಕಾಣೂದಿಲ್ಲ ನಿಂಬೆವ್ವಾರ, ಕೇಳಿ ತಿಳೀಬೇಕು. ಗಡಿಗಿ ಕೊಳ್ಳೂವಾಗ ನೀವು ಬೆರಳಿಂದ ತಟ್ಟಿ ನೋಡೂದಿಲ್ಲೇನು? ಹಂಗ.”

ಪ್ರತಿಯೊಂದು ತೊಲೆಗೂ ತನ್ನದೇ ಆದ ಸಹಜ ಕಂಪನವಿರುತ್ತದೆ. ಬಿರುಕು ಬಿಟ್ಟರೆ ಅದರ ಬಿಗಿ ಸಡಿಲವಾಗಿ ಕಂಪನ ನಿಧಾನಿಸುತ್ತದೆ, ಸ್ವರ ಇಳಿಯುತ್ತದೆ. ತೊಲೆನಾಡಿ ತನ್ನನ್ನು ಕೂರಿಸಿದ ದಿನ ಕೇಳಿದ್ದನ್ನು ‘ಮೂಲಸ್ವರ’ವೆಂದು ನೆನಪಿಟ್ಟುಕೊಂಡು, ಮುಂದೆ ಕೇಳಿದ್ದನ್ನೆಲ್ಲ ಅದಕ್ಕೆ ಹೋಲಿಸುತ್ತದೆ.

“ನಿನ್ನೆ ಹಚ್ಚೀರಿ, ಇವತ್ತ ಬಿರುಕು ಅಂತೀರಿ. ಒಂದ ರಾತ್ರ್ಯಾಗ ಬಿಡತೈತೇನ್ರಿ?”

“ಹಳೇ ಕಬ್ಬಿಣ, ಹೇಳಾಕ ಬರೂದಿಲ್ಲ. ಸ್ವರ ಇಳಿದದ್ದಂತೂ ಖರೆ” ಎಂದರು ಶಕೀಲಾ. ಅವರಿಗೂ ಕೆಟ್ಟದೆನಿಸಿತ್ತು, ಆದರೆ ತಲೆಯ ಮೇಲೆ ಕಟ್ಟಡ ಬಿದ್ದರೆ ಹೊಣೆ ಯಾರು?

ಬೇರೆ ದಾರಿಯಿಲ್ಲದೆ ನಿಂಬೆವ್ವ ಸಾಮಾನು ಇಳಿಸತೊಡಗಿದಳು. ಬೆಳಿಗ್ಗೆಯಷ್ಟೇ ಬಂದಿದ್ದ ಜೋಳದ ಹಿಟ್ಟಿನ ಚೀಲಗಳು ಇಳಿದವು. ನೀರಿನ ಡ್ರಮ್ಮುಗಳನ್ನು ಬರಿದು ಮಾಡಿದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ರೊಟ್ಟಿಹಲಗೆಗಳನ್ನು ಹೊತ್ತು ಬೀದಿಗೆ ಬಂದು ನಿಂತರು. ಆಗ ತೊಲೆನಾಡಿ ಮತ್ತೆ ಟಿಕ್ಕೆಂದಿತು. ಮೆಟ್ಟಿಲ ಬುಡದಲ್ಲಿ ಹಸಿರು ದೀಪ ಹೊತ್ತಿತು.

“ಏನ್ರಿ ಬಾಯಾರ, ಬಿರುಕು ಕೂಡಿಕೊಂಡ್ತೇನು?” ಎಂದು ನಿಂಬೆವ್ವ ಸೊಂಟದ ಮೇಲೆ ಕೈಯಿಟ್ಟಳು. ಅಷ್ಟು ಸಂಕಟದಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ.

ಶಕೀಲಾ ಬೀದಿಯಲ್ಲಿ ಪೇರಿಸಿದ್ದ ಚೀಲಗಳನ್ನೇ ದಿಟ್ಟಿಸಿದರು. “ನಿನ್ನೆ ಯಂತ್ರ ಹಚ್ಚೂವಾಗ ಮ್ಯಾಲೆ ಏನೇನಿತ್ತು?”

“ಏನೂ ಇದ್ದಿಲ್ಲ. ನಿನ್ನೆ ಎಳ್ಳ ಅಮಾಸಿ ಅಲ್ರೇನು? ಹಿಟ್ಟು ತೀರಿತ್ತು, ಡ್ರಮ್ ಬರಿದಿದ್ದವು. ಎಲ್ಲಾರೂ ಹೊಲಕ್ಕ ಚರಗ ಚೆಲ್ಲಾಕ ಹೋಗಿದ್ವಿ.”

ಹೊಲಕ್ಕೆ ಅಡಿಗೆಯ ಎಡೆ ಚೆಲ್ಲಿ, ಬಂಧುಬಳಗವೆಲ್ಲ ಅಲ್ಲೇ ಕೂತು ಉಣ್ಣುವ ಹಬ್ಬವದು. ಬಜಾರಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಗದ್ದಲವಿಲ್ಲದ ದಿನ ಸಿಕ್ಕಿತೆಂದು ಶಕೀಲಾ ಹಿಗ್ಗಿನಿಂದ ಆ ದಿನವನ್ನೇ ಹಿಡಿದಿದ್ದರು. ಭಾರ ಹೆಚ್ಚಾದರೂ ತೊಲೆಯ ಸ್ವರ ಇಳಿಯುತ್ತದೆ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಬ್ಬಕ್ಕೆ ಖಾಲಿಯಾದ ಕಟ್ಟಡದ ಸ್ವರವನ್ನೇ ದುಡಿಯುವ ಕಟ್ಟಡದ ಸ್ವರವೆಂದು ಯಂತ್ರಕ್ಕೆ ಕಲಿಸಿಬಿಟ್ಟಿದ್ದರು.

“ತಪ್ಪು ನಂದ. ಎಲ್ಲಾ ಮ್ಯಾಲೆ ಒಯ್ಯಿರಿ. ರೊಟ್ಟಿ ಬಡೀರಿ, ನಾನು ಕೇಳತೀನಿ.”

ಚೀಲಗಳು ಮತ್ತೆ ಏರಿದವು, ಆರು ಹಲಗೆಗಳ ಮೇಲೆ ಬಡಿತ ಶುರುವಾಯಿತು. ತೊಲೆನಾಡಿಯ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ಶಕೀಲಾ ಊಟ ಮರೆತರು. ಯಂತ್ರದ ಸುತ್ತಿಗೆ ತಟ್ಟುವುದು ಒಂದೇ ಕಡೆ, ಅದೂ ಮೆಲ್ಲಗೆ. ಈ ಕೈಗಳೋ ತೊಲೆಯ ಉದ್ದಕ್ಕೂ ಸಾವಿರಾರು ಸಲ ತಟ್ಟುತ್ತಿದ್ದವು. ಅಷ್ಟೂ ಬಡಿತಗಳ ಸರಾಸರಿ ತೆಗೆದಾಗ ಬೀದಿಯ ಗದ್ದಲ ತನ್ನಷ್ಟಕ್ಕೆ ಕರಗಿ, ತೊಲೆಯ ದನಿಯೊಂದೇ ತಿಳಿಯಾಗಿ ಉಳಿಯಿತು. ಗೋಡೆಯ ಕಡೆಯ ತುದಿಯಲ್ಲಿ ಅದು ಕೊಂಚ ಸೊಟ್ಟಗಿತ್ತು.

“ನಿಂಬೆವ್ವಾರ, ಬಿರುಕು ಐತಿ.”

ನಿಂಬೆವ್ವ ಮತ್ತೆ ಚೀಲ ಇಳಿಸಲು ಸೆರಗು ಬಿಗಿದಳು.

“ಅಂಜಬ್ಯಾಡ್ರಿ! ಕೂದಲೆಳೆಯಷ್ಟು. ಯಂತ್ರಕ್ಕ ಇದು ಸಿಗತಿದ್ದಿಲ್ಲ, ನಿಮ್ಮ ಕೈಗೆ ಸಿಕ್ತು. ಉಕ್ಕಿನ ಪಟ್ಟಿ ಕೂರಿಸಿದ್ರ ಕಟ್ಟಡ ಗಟ್ಟಿ, ಇಷ್ಟಕ್ಕ ಕಾನೂನೂ ಕೆಡವು ಅನ್ನೂದಿಲ್ಲ.”

ಪಟ್ಟಿ ಕೂತಿತು, ಖಾನಾವಳಿ ಉಳಿಯಿತು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಶಕೀಲಾ ಕಾನೂನಿಗೊಂದು ತಿದ್ದುಪಡಿ ಮಾಡಿಸಿದರು: ತೊಲೆನಾಡಿ ಇರುವ ಕಟ್ಟಡದಲ್ಲಿ ದಿನಕ್ಕೊಂದು ತಾಸು ಕೈಬಡಿತ ಕಡ್ಡಾಯ. ಅಷ್ಟರಲ್ಲಿ ಬಜಾರಿನ ಕಟ್ಟಡಗಳಿಗೆಲ್ಲ ತೊಲೆನಾಡಿ ಬಂದಿತ್ತು. ಎದುರಿನ ಖಾನಾವಳಿಯ ಮಾಲೀಕ ತನ್ನ ರೊಟ್ಟಿಯಂತ್ರವನ್ನೇ ಓಡಿಸಿ ನೋಡಿದ. ಅದು ಗುಂಯ್‌ಗುಟ್ಟುವುದು ಒಂದೇ ರಾಗ. ತೊಲೆಯ ಎಲ್ಲ ಸ್ವರಗಳನ್ನೂ ಎಬ್ಬಿಸಲು ಬಿಡಿಬಿಡಿ ಬಡಿತವೇ ಬೇಕು. ಕೊನೆಗೆ ಅವನು ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲೇರಿ ಬಂದ.

“ಯವ್ವಾ, ನಮ್ಮ ಹುಡಿಗ್ಯಾರಿಗೆ ರೊಟ್ಟಿ ಬಡಿಯೂದು ಕಲಿಸ್ತೀ ಏನು?”

ನಿಂಬೆವ್ವ ಅವನನ್ನು ಸ್ವಲ್ಪ ಹೊತ್ತು ನಿಲ್ಲಿಸಿಯೇ ಒಪ್ಪಿಕೊಂಡಳು. ವರ್ಷ ಕಳೆಯುವಷ್ಟರಲ್ಲಿ ಬಳೆ ಅಂಗಡಿಯ ಮೇಲೂ ಬಟ್ಟೆ ಅಂಗಡಿಯ ಮೇಲೂ ಪಟಪಟ ಸದ್ದು ಕೇಳತೊಡಗಿತು. ಬಡಿದ ರೊಟ್ಟಿಯನ್ನು ಎಸೆಯಲಾಗುತ್ತದೆಯೇ? ಬಜಾರಿನವರು ತಿಂದರು, ರುಚಿ ನೆನಪಾಗಿ ಮತ್ತೆ ಕೇಳಿ ತಿಂದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಶಕೀಲಾ ಕೇಳಿದರು: “ದಿನಾ ಬಡಿದು ರಟ್ಟಿ ನೋಯೂದಿಲ್ಲೇನು ನಿಂಬೆವ್ವಾರ?”

“ನೋಯತಾವ್ರಿ.” ಅವಳು ತೋಳು ನೀವಿಕೊಂಡು ಬಿಸಿ ರೊಟ್ಟಿಯನ್ನು ಅವರ ತಾಟಿಗೆ ಹಾಕಿದಳು. “ಆದ್ರ ಇಷ್ಟ ವರ್ಷ ಬಡಿದೆ, ಒಬ್ಬರೂ ಕಿವಿಗೊಡಲಿಲ್ಲ. ಈಗ ತೊಲಿ ಕೇಳಾಕತ್ತೈತಿ. ಹೆಂಗ ನಿಲ್ಲಸ್ಲಿ ಹೇಳ್ರಿ?”