ತಂದೆಯ ಶ್ರುತಿ

ಹೋದ ವರ್ಷ ಬಸವಕಲ್ಯಾಣದಾಗ, ಹಾಡುಹಗಲೇ ನಡೆದದ್ದಿದು. ವಚನ ಹಾಡಿ ಹೆಸರಾದ ಬಸಲಿಂಗಪ್ಪ ಗವಾಯಿಗಳ ಪುಣ್ಯಸ್ಮರಣೆಗೆ ಮಗಳು ವಿದ್ಯಾವತಿ ಮೊದಲ ಸಲ ಹಾಡುವವಳಿದ್ದಳು. ‘ಅಪ್ಪನ ಸರಿ ಬರ್ತಾಳೇನು?’ ಅಂತ ನೋಡಾಕಂತೇ ಹುಮನಾಬಾದದಿಂದಲೂ ಮಂದಿ ಬಂದಿದ್ದರು.

ಆಗ ಅಪ್ಪಗ, ಈಗ ಮಗಳಿಗೆ ತಂಬೂರಿ ಮೀಟುವವ ನಾನು. ಮಗಳ ಶ್ರುತಿಗೆ ಮೂರು ಸಲ ಏರಿಸಿದೆ. ಮೂರು ಸಲವೂ ಅದು ತಂದೆಯ ಶ್ರುತಿಗೇ ಇಳಿದಿತ್ತು. ತಬಲಾದ ಗುರುನಾಥನನ್ನು ದಿಟ್ಟಿಸಿದೆ.

“ನನ್ನ ಮ್ಯಾಲ್ಯಾಕ ಗುಮಾನಿ, ಕಾಕಾ? ನಾ ಮುಟ್ಟೇ ಇಲ್ರಿ.”

ನಾಲ್ಕನೇ ಸಲ, ವೇದಿಕೆಯ ಮ್ಯಾಲ, ನನ್ನ ಕೈಯಾಗೇ ಇಳಿಯಿತು. ತಂತಿ ತಣ್ಣಗೆ ಕೊರೀತಿತ್ತು.

“ಹಾಡವ್ವಾ,” ಅಂದೆ ಮೆಲ್ಲಗೆ.

“ತಡೀರಿ ಕಾಕಾ, ಅಪ್ಪಂದು ಮುಗೀಲಿ.”

ಒಂದು ತಾಸು ಆಕೆ ತುಟಿ ಬಿಚ್ಚಲಿಲ್ಲ. ನನಗೆ ತಂಬೂರಿ ಬಿಟ್ಟು ಬೇರೇನೂ ಕೇಳಲಿಲ್ಲ. ಮುಗಿದ ಮ್ಯಾಲ ಮಂದಿ ಆಕೆಗೆ ಕೈಮುಗಿದರು: “ಥೇಟ್ ಅಪ್ಪನಂಗ ಹಾಡಿದಿ, ತಂಗಿ.”